ಅಸಲಿ ಎಂಜಿನ್ನಿನ ಎರಡು ರಾಡುಗಳು

ಮುರಿದ ಲೋಹವನ್ನು ಪರೀಕ್ಷೆಗೆ ತರುವ ಜನ ಮೊದಲು ಮಾಡುವ ಕೆಲಸ ಅದನ್ನು ತೊಳೆಯುವುದು. ನೆಂಟರ ಮನೆಗೆ ಹೊರಡುವ ಮುನ್ನ ಮಗುವಿನ ಮುಖ ಒರೆಸಿದ ಹಾಗೆ ಚೆನ್ನಾಗಿ ಉಜ್ಜಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ತರುತ್ತಾರೆ. ಆಮೇಲೆ ಯಾಕೆ ಮುರಿಯಿತು ಹೇಳಿ ಎನ್ನುತ್ತಾರೆ. ಯಾಕೆ ಮುರಿಯಿತು ಎಂಬುದು ಆ ಕೊಳೆಯಲ್ಲೇ ಇತ್ತು ಸ್ವಾಮಿ, ಅದನ್ನು ನೀವು ಚರಂಡಿಗೆ ಬಿಟ್ಟು ಬಂದಿರಿ.

ನನ್ನ ದುಡಿಮೆಯ ಆಯುಷ್ಯವೆಲ್ಲ ಮುರಿದದ್ದನ್ನು ನೋಡುವುದರಲ್ಲಿ ಕಳೆಯಿತು. ಬೆಂಗಳೂರಿನಲ್ಲಿ ಲೋಹಶಾಸ್ತ್ರ ಓದಿ, ಇಲ್ಲಿಗೆ, ಅಮೆರಿಕಕ್ಕೆ, ಬಂದು ಇನ್ನೊಂದು ಡಿಗ್ರಿ ಮಾಡಿ, ಮೊದಲು ಲಾಸ್ ಏಂಜಲೀಸಿನ ಪಕ್ಕದ ಎಲ್ ಸೆಗುಂಡೋದ ಒಂದು ವಿಮಾನ ಕಂಪನಿಯಲ್ಲಿ, ಆಮೇಲೆ ಸ್ಯಾನ್ ಡಿಯೇಗೋದ ಒಂದು ಸಣ್ಣ ಲ್ಯಾಬಿನಲ್ಲಿ ಅದೇ ಕೆಲಸ ಮಾಡಿದೆ. ಈಚೆಗೆ ಕನ್ನಡ ಕೂಟದಲ್ಲಿ ಸಿಕ್ಕ ಹೊಸ ಎಂಜಿನಿಯರೊಬ್ಬಳು, ತನಗೂ ಅಂಥದೇ ಕೆಲಸ ಸಿಕ್ಕಿದೆಯೆಂದು ಹೇಳಿ, "ಅಂಕಲ್, ನಿಜವಾಗ್ಲೂ ಹೇಗಿರುತ್ತೆ?" ಎಂದು ಕೇಳಿದಳು. ಆಕೆಗೂ ಆಕೆಯಂಥವರಿಗೂ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಬಡ್ತಿಗಳ ವಿಚಾರ ಇದರಲ್ಲಿ ಬರುವುದಿಲ್ಲ. ಬಡ್ತಿ ಯಾರಿಗೂ ಏನನ್ನೂ ಕಲಿಸುವುದಿಲ್ಲ.

ಶುರುವಿನಲ್ಲೇ ಒಂದು ಎಚ್ಚರಿಕೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ನೀವೂ ನಂಬಬೇಡಿ. ನನ್ನ ಹೆಂಡತಿ ಲಲಿತಾ ಇದನ್ನು ಓದಿ ಕೆಲವು ಕಡೆ "ಇಲ್ಲ" ಎಂದಿದ್ದಾಳೆ. ಅವಳ ಮಾತನ್ನೂ ಅಲ್ಲಲ್ಲೇ ಬರೆದಿದ್ದೇನೆ.

ಎಲ್ ಸೆಗುಂಡೋದ ಒಂದು ಪ್ರಸಂಗ ಮೊದಲು ಹೇಳಬೇಕು, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ತಳಹದಿ. ಪರೀಕ್ಷಾ ವಿಮಾನವೊಂದರ ಬೋಲ್ಟು ಮುರಿದಿತ್ತು. ಅದು ನನ್ನ ಮೇಜಿಗೆ ಬರುವಷ್ಟರಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನನ್ನ ಮೇಲಧಿಕಾರಿ ಡಾನ್, ಗಿರಾಕಿಗಳು ನೋಡಲು ಬರುತ್ತಾರೆಂದು ಅದನ್ನು ತೊಳೆಸಿಟ್ಟಿದ್ದ. ಮುರಿದ ಮುಖದ ಮೇಲೆ ಓದಲು ಏನೂ ಉಳಿದಿರಲಿಲ್ಲ. "ಕಾರಣ ನಿರ್ಧರಿಸಲಾಗದು" ಎಂದು ಬರೆದು ಕೊಟ್ಟೆ.

ಡಾನ್ ವರದಿಯನ್ನು ಹಿಡಿದುಕೊಂಡು ಬಂದ. "ಗೊತ್ತಿಲ್ಲ ಅಂತ ಬರೆಯೋಕೆ ನಿನಗೆ ಸಂಬಳ ಕೊಡಬೇಕಾ?"

"ಗೊತ್ತಿಲ್ಲದೇ ಇರೋದನ್ನ ಗೊತ್ತು ಅಂತ ಬರೆಯೋಕಾದ್ರೆ ಕಡಿಮೆ ಸಂಬಳಕ್ಕೆ ಬೇರೆಯವರು ಸಿಗ್ತಾರೆ" ಎಂದೆ.

ಹೀಗೆ ಹೇಳಿದೆನೆಂದು ಬಹಳ ವರ್ಷ ನಂಬಿದ್ದೆ. ಲಲಿತಾ ಹೇಳುವುದು ಬೇರೆ: "ರೀ, ಅದನ್ನ ನೀವು ಹೇಳಿದ್ದು ಮನೇಲಿ, ವಾಷಿಂಗ್ ಮಶೀನ್ ಮುಂದೆ ನಿಂತ್ಕೊಂಡು. ಆಫೀಸಲ್ಲಿ 'ಐ ಸೀ' ಅಂತ ಅಂದು ಬಂದಿದ್ರಿ." ಇರಬಹುದು. ವರದಿಯನ್ನು ಬದಲಿಸಲಿಲ್ಲ ಎಂಬುದಂತೂ ನಿಜ. ಅದರ ಪ್ರತಿ ಇದೆ.

ನಾನು ಸೇರಿದಾಗ ಸೂಕ್ಷ್ಮದರ್ಶಕದ ಚಿತ್ರಗಳನ್ನು ಕತ್ತಲ ಕೋಣೆಯಲ್ಲಿ ತೊಳೆದು ಒಣಹಾಕಿ ಕಾಯುತ್ತಿದ್ದೆವು. ಕಾಯುವ ಹೊತ್ತಿನಲ್ಲಿ ಒಂದಿಷ್ಟು ಯೋಚನೆ ನಡೆಯುತ್ತಿತ್ತು. ಆಮೇಲೆ ಪರದೆ ಬಂತು, ಪರದೆಯ ಮೇಲೆ ಲೋಹಕ್ಕೆ ಇಲ್ಲದ ಬಣ್ಣಗಳೆಲ್ಲ ಬಂದವು. ಕೆಂಪು ನೀಲಿ ಚಿತ್ರವಿದ್ದ ವರದಿಯನ್ನು ಮೀಟಿಂಗಿನಲ್ಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಯಂತ್ರ ಒಳ್ಳೆಯದೇ. ಅದರ ಬಣ್ಣಕ್ಕೆ ಮರುಳಾಗಿ ಪ್ರಶ್ನೆ ಕೇಳುವುದನ್ನು ಬಿಡಬೇಡಿ, ಅಷ್ಟೆ.

ತೊಂಬತ್ತರ ದಶಕದ ಆರಂಭದಲ್ಲಿ ಶೀತಲ ಸಮರ ಮುಗಿಯಿತೆಂದು ಜಗತ್ತೆಲ್ಲ ಸಂತೋಷಪಟ್ಟಿತು. ಎಲ್ ಸೆಗುಂಡೋದಲ್ಲಿ ನಾವು ರಟ್ಟಿನ ಪೆಟ್ಟಿಗೆಗಳಲ್ಲಿ ಕಾಫಿ ಮಗ್ಗು, ಮಕ್ಕಳ ಫೋಟೋ ತುಂಬಿಕೊಂಡು ಪಾರ್ಕಿಂಗ್ ಲಾಟಿಗೆ ಇಳಿದೆವು. ಲಲಿತಾಳ ಕೆಲಸ ಹತ್ತಿರದ ಟಾರೆನ್ಸಿನಲ್ಲಿತ್ತು, ಮಗಳ ಸ್ಕೂಲೂ ಅಲ್ಲೇ. ನನಗೆ ಕೆಲಸ ಸಿಕ್ಕಿದ್ದು ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿ. ಒಂದು ಕಡೆ ಕಾರಿನ ನೆಗ್ಗು ತೆಗೆಯುವ ಅಂಗಡಿ, ಇನ್ನೊಂದು ಕಡೆ ವಿಯೆಟ್ನಾಮಿನವರ ನೂಡಲ್ ಹೋಟೆಲು, ನಡುವೆ ರೇ ಎಂಬಾತನ ಪರೀಕ್ಷಾ ಲ್ಯಾಬ್. ಸೋಮವಾರ ನಸುಕಿನಲ್ಲಿ ಹೊರಟು ಫೈವ್ ಎಂಬ ಹೆದ್ದಾರಿ ಹಿಡಿದು ಹೋಗುವುದು, ಶುಕ್ರವಾರ ಸಂಜೆ ಅದೇ ದಾರಿಯಲ್ಲಿ ಎಲ್ಲರೊಂದಿಗೆ ತೆವಳುತ್ತ ಬರುವುದು. ಐವತ್ತು ದಾಟಿದವನಿಗೆ ಇನ್ನೊಂದು ಕೆಲಸ ಸಿಗುವ ಕಾಲವಲ್ಲ ಅದು. ರೇ ಕೂಡ ಅದನ್ನು ಬಲ್ಲವನಾಗಿದ್ದ.

ಅವನ ಲ್ಯಾಬಿಗೇ ಆ ಎಂಜಿನ್ ಬಂತು. ಎಂಜಿನ್ ಅಲ್ಲ, ಅದರ ವಿಚಾರ.

ನಗರದ ಹೊರಗಿನ ಸಣ್ಣ ರೈಲು ಮ್ಯೂಸಿಯಂ ಒಂದಕ್ಕೆ ಒಬ್ಬ ದಾನಿ ಹಳೆಯ ಉಗಿ ಎಂಜಿನ್ ಕೊಟ್ಟಿದ್ದ. ನಾಲ್ಕೇ ಚಕ್ರದ, ಕಾರಿಗಿಂತ ಸ್ವಲ್ಪ ದೊಡ್ಡದಾದ ಗುಜರಿ ಮಾಲು. ಇಂಗ್ಲೆಂಡಿನ ಉತ್ತರ ಭಾಗದ, ಉಗಿ ಎಂಜಿನ್ ಕಟ್ಟಿದ ಮೊದಮೊದಲ ಕಂಪನಿಗಳಲ್ಲೊಂದರದ್ದು. ಆ ಕಂಪನಿಯ ಹೆಸರು ಹೇಳುವುದಿಲ್ಲ. ಅದು ಮುಳುಗಿ ಎಷ್ಟೋ ಕಾಲವಾಗಿ, ಹೆಸರಿನ ಹಕ್ಕು ಈಗ ಆಟಿಕೆ ರೈಲು ಮಾರುವವರ ಕೈಯಲ್ಲಿದೆ. ಎಂಜಿನ್ ಭಾರತಕ್ಕೆ ಹೋಗಿ, ಹಳೆಯ ಮೈಸೂರು ಸೀಮೆಯ ಒಂದು ಮರದ ಡಿಪೋದಲ್ಲಿ ದಿಮ್ಮಿ ಎಳೆದು, ತುಕ್ಕು ಹಿಡಿದು ನಿಂತಿತ್ತು. ದಾನಿ ಗುಜರಿಯವರಿಂದ ಕೊಂಡು ಹಡಗಿಗೆ ಹಾಕಿಸಿದ. ಲಾಸ್ ಏಂಜಲೀಸಿನ ಬಂದರಿನಲ್ಲಿ ಇಳಿದು, ಲಾರಿಯ ಮೇಲೆ ಕೂತು, ನಾನು ಪ್ರತಿ ಸೋಮವಾರ ಹೋಗುವ ದಾರಿಯಲ್ಲೇ ಅದೂ ದಕ್ಷಿಣಕ್ಕೆ ಬಂದಿತ್ತು.

ಮ್ಯೂಸಿಯಂನ ನಿರ್ದೇಶಕ ಕಾರ್ವರ್. ಬಿಳಿ ಮೀಸೆ, ಮೆಲುದನಿ, ಎಲ್ಲರಿಗೂ ತಾನೇ ಕಾಫಿ ತಂದುಕೊಡುವ ಮನುಷ್ಯ. ಕೆಟ್ಟವನಲ್ಲ. ಕೆಟ್ಟವರ ಮೇಲೆ ಬಂದ ಸಿಟ್ಟು ಬೇಗ ಇಳಿಯುತ್ತದೆ. ಇವನ ಮೇಲಿನದು ಇನ್ನೂ ಇಳಿದಿಲ್ಲ.

"ನೀವು ಇಂಡಿಯಾದವರು ಅಂತ ರೇ ಹೇಳಿದ್ರು" ಎಂದ ಮೊದಲ ದಿನವೇ. "ತುಂಬಾ ಅನುಕೂಲವಾಯ್ತು."

"ನಾನು ಲೋಹದ ಪರೀಕ್ಷೆ ಮಾಡೋನು" ಎಂದೆ.

"ಅದೂ ಇದೆ" ಎಂದ, ಪ್ರೀತಿಯಿಂದ.

ಎಂಜಿನ್ ನೋಡಿದೆ. ಸ್ವಯಂಸೇವಕರು ಅದನ್ನು ಮರಳು ಚಿಮ್ಮುವ ಯಂತ್ರದಿಂದ ಮೈಯೆಲ್ಲ ಉಜ್ಜಿ ಬೂದಿಬಣ್ಣ ಬರಿಸಿದ್ದರು. ಬಣ್ಣದ ಪದರ, ಮಸಿ, ಗ್ರೀಸು, ಯಾವ ಭಾಗ ಯಾವಾಗ ಸೇರಿತೆಂದು ಹೇಳಬಲ್ಲ ಎಲ್ಲವೂ ಹೋಗಿತ್ತು. ಹಾಗೆ ಎಲ್ಲವನ್ನೂ ಒರೆಸಿದ ಮೇಲೆ ನನ್ನನ್ನು ಕರೆದಿದ್ದರು, ಯಾವುದು ಹಳೆಯದು ಯಾವುದು ಹೊಸದು ಎಂದು ಹೇಳಲು!

ಕಾರ್ವರ್‌ಗೆ ಬೇಕಾದದ್ದು ಸರಳವಾಗಿತ್ತು. ಎಂಜಿನ್ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಅದನ್ನು ನಿಲ್ಲಿಸಬೇಕು. ಆಮೇಲೆ ಸೇರಿದ್ದೆಲ್ಲ ಹೊರಗೆ. ಅದರ ಜಾಗಕ್ಕೆ ಕಂಪನಿಯ ನಕ್ಷೆ ನೋಡಿ ಹೊಸದಾಗಿ ಮಾಡಿಸಿದ ಭಾಗ. ನಾನು ಪ್ರತಿ ಭಾಗವನ್ನೂ ನೋಡಿ "ಅಸಲಿ" ಅಥವಾ "ಅಸಲಿಯಲ್ಲ" ಎಂದು ಬರೆದು ಸಹಿ ಹಾಕಬೇಕು. ಜೊತೆಗೆ ಅವನೇ ಕಂಪನಿಯ ಚರಿತ್ರೆಯೊಂದನ್ನು ಬರೆಯುತ್ತಿದ್ದ, ಉದ್ಘಾಟನೆಯ ದಿನ ಹಂಚಲು.

ಆ ಕರಡನ್ನು ಓದಿದೆ. ಸಂಸ್ಥಾಪಕ ಬಾಲ್ಯದಲ್ಲೇ ಉಗಿಯ ಕನಸು ಕಂಡಿದ್ದ, ನಕ್ಷೆ ಬರೆದ, ಎಂಜಿನ್ ಓಡಿತು, ಲೋಕ ಬೆರಗಾಯಿತು. ಕಾರ್ವರನೇ ನನಗೆ ಕೊಟ್ಟ ಹಳೆಯ ಕಾಗದಗಳ ನಕಲುಗಳಲ್ಲಿ ಇದ್ದ ಕಥೆ ಬೇರೆ. ಅದು ಗಣಿಗಳ ನೀರೆತ್ತುವ ಪಂಪು ಮಾಡುತ್ತಿದ್ದ ಭಾವಮೈದುನರಿಬ್ಬರ ಕಾರ್ಖಾನೆ. ಅವರ ಮೊದಲ ಎಂಜಿನ್ ಎಷ್ಟು ಭಾರವಿತ್ತೆಂದರೆ ಕಂಬಿಗಳೇ ಮುರಿದವು. ಎರಡನೆಯದರ ಬಾಯ್ಲರು ಜರಡಿಯ ಹಾಗೆ ಸೋರಿತು. ಮೂರನೆಯದನ್ನು ಕೊಂಡವನು ಹಿಂದಕ್ಕೆ ಕಳಿಸಿದ. ಬಡಿದು, ಅರದಿಂದ ಉಜ್ಜಿ, ಹಾಕಿ ನೋಡಿ, ತೆಗೆದು, ಮತ್ತೆ ಉಜ್ಜಿ ಕೂರಿಸಿದ ಎಂಜಿನ್ನುಗಳು ಅವು. ಒಂದರ ಭಾಗ ಇನ್ನೊಂದಕ್ಕೆ ಸೇರುತ್ತಿರಲಿಲ್ಲ. ಆ ಚಂದದ ನಕ್ಷೆಗಳು ಬಂದದ್ದು ಮುಂದಿನ ತಲೆಮಾರಿಗೆ, ಮಾರಾಟದ ಪುಸ್ತಕಕ್ಕಾಗಿ. ನಾನು ಮೂಲ ಕಾಗದ ನೋಡಿಲ್ಲ, ನಕಲು ಮಾತ್ರ. ಆದರೆ ನಕಲು ಕೊಟ್ಟವನೇ ಅದನ್ನು ಓದಿರಲಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು.

"ಸೋತದ್ದೆಲ್ಲ ಎಲ್ಲಿ ಹೋಯ್ತು?" ಎಂದು ಕೇಳಿದೆ.

"ಜಾಗ ಇರ್ಲಿಲ್ಲ. ಎಂಟು ಪುಟದ ಪುಸ್ತಿಕೆ" ಎಂದ ಕಾರ್ವರ್.

ಈಗ ರಾಡುಗಳ ವಿಷಯ. ಮುಂದಿನ ಚಕ್ರ ಹಿಂದಿನ ಚಕ್ರ ಒಟ್ಟಿಗೆ ತಿರುಗುವಂತೆ ಅವೆರಡನ್ನೂ ಜೋಡಿಸುವ ಉದ್ದನೆಯ ಕಬ್ಬಿಣದ ದಂಡ ಒಂದಿರುತ್ತದೆ, ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು. ಎಂಜಿನ್ ಓಡುವಾಗ ಮಕ್ಕಳ ಕಣ್ಣು ಮೊದಲು ಹೋಗುವುದು ಮೇಲೆ ಕೆಳಗೆ ಆಡುವ ಆ ದಂಡಗಳ ಮೇಲೆಯೇ. ಎರಡನ್ನೂ ಬಿಚ್ಚಿ ಲ್ಯಾಬಿಗೆ ತಂದಿದ್ದರು. ಓರೆಬೆಳಕಿನಲ್ಲಿ ನೋಡುವಾಗ ಹೊರಮುಖದ ತುದಿಗಳಲ್ಲಿ ಸವೆದ ಗುರುತುಗಳು ಕಂಡವು. ಕಾರ್ವರ್‌ನ ಪಟ್ಟಿಯಲ್ಲಿ ಅವು "ಗೀರುಗಳು." ಬೆರಳಾಡಿಸಿದೆ. ಗೀರಲ್ಲ, ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದದ್ದು. ಒಂದು ರಾಡಿನ ಎರಡು ತುದಿಗೆ ಕನ್ನಡದ ೧, ೨. ಇನ್ನೊಂದಕ್ಕೆ ೩, ೪.

ಮೈ ಜುಂ ಎಂದಿತು ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಆ ಕ್ಷಣ ನನಗಾದದ್ದು ಅನುಮಾನ. ಊರಿನಿಂದ ದೂರವಿರುವವನಿಗೆ ಗೋಡೆಯ ಬಿರುಕಿನಲ್ಲೂ ಕನ್ನಡ ಕಾಣುತ್ತದೆ. ಮಾರನೆಯ ದಿನ ಮ್ಯೂಸಿಯಂಗೆ ಹೋಗಿ ಎಂಜಿನ್ನಿನ ಪಕ್ಕ ಮಂಡಿಯೂರಿ ಚಕ್ರಗಳನ್ನು ನೋಡಿದೆ. ರಾಡು ಕೂರುವ ಜಾಗದ ಪಕ್ಕದಲ್ಲೂ ಅಚ್ಚೊತ್ತಿದ ಗುರುತುಗಳಿದ್ದವು. ಮರಳು ಅಲ್ಲಿ ಜೋರಾಗಿ ಬಡಿದು ಮೂರು ಅಳಿಸಿಹೋಗಿದ್ದವು. ಎಡಗಡೆಯ ಮುಂದಿನ ಚಕ್ರದ ಮೇಲೆ ಮಾತ್ರ ೧ ಉಳಿದಿತ್ತು. ಆಗ ನಂಬಿದೆ. ಬಿಚ್ಚಿದ ಭಾಗ ಮತ್ತೆ ಅದರ ಜಾಗಕ್ಕೇ ಹೋಗಲೆಂದು ಯಾವುದೋ ವರ್ಕ್‌ಶಾಪಿನಲ್ಲಿ ಹಾಕಿದ ಜೋಡಿ ಗುರುತು ಅದು. ಪ್ರತಿ ಗ್ಯಾರೇಜಿನಲ್ಲೂ ಇಂದಿಗೂ ಹಾಕುತ್ತಾರೆ.

ಆಮೇಲೆ ರಾಡಿನ ಪಕ್ಕವನ್ನು ಒಂದು ಪಟ್ಟಿಯಷ್ಟು ನುಣ್ಣಗೆ ಉಜ್ಜಿ ಆಸಿಡ್ ಸವರಿದೆ. ಹಳೆಯ ಕಾಲದ ಬಡಿದ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಉಳಿದಿರುತ್ತವೆ, ಮರದ ನಾರಿನ ಹಾಗೆ. ಆಸಿಡ್ ಹಾಕಿದರೆ ಕಾಣುತ್ತವೆ. ರಾಡಿನ ಅರ್ಧದವರೆಗೆ ಎಳೆ ದಪ್ಪ, ಒರಟು. ಎಂಜಿನ್ನಿನ ಚೌಕಟ್ಟಿನ ಕಬ್ಬಿಣದಲ್ಲೂ ಅದೇ ಎಳೆ. ಅಲ್ಲಿಂದ ಒಂದು ಓರೆ ಗೆರೆ. ಗೆರೆಯಾಚೆ ಎಳೆ ಸಣ್ಣ, ನವಿರು, ಬೇರೆಯೇ ಕಬ್ಬಿಣ. ಎರಡು ರಾಡುಗಳಲ್ಲೂ ಹಾಗೆಯೇ. ಕಂಪನಿ ಮಾಡಿದ ರಾಡು ಮುರಿದಿತ್ತು. ಮುರಿದ ಅರ್ಧವನ್ನು ಎಸೆಯದೆ, ಕುಲುಮೆಯಲ್ಲಿ ಕಾಯಿಸಿ, ಬೇರೆ ಕಬ್ಬಿಣದ ಇನ್ನರ್ಧವನ್ನು ಅದರ ಮೇಲೆ ಬಡಿದು ಕೂಡಿಸಿದ್ದರು.

ಈ ಹೊತ್ತಿನ ಸಂತೋಷ ನಿಮಗೂ ಒಂದು ದಿನ ಸಿಗಲಿ. ಆ ಗೆರೆಯ ಮೇಲೆ ಪ್ಲಾಸ್ಟಿಕ್ ಹಾಳೆ ಒತ್ತಿ ಅಚ್ಚು ತೆಗೆದುಕೊಂಡೆ. ಅದು ನನ್ನಲ್ಲಿ ಇನ್ನೂ ಇದೆ.

ಕಾರ್ವರ್ ಬಂದು ನೋಡಿದ. ಆಮೇಲೆ, "ಹಾಗಾದ್ರೆ ಇದು ಅಸಲಿಯೋ ಅಲ್ವೋ?" ಎಂದ.

"ಅರ್ಧ ಅಸಲಿ. ಇನ್ನರ್ಧ ಇದನ್ನ ಓಡಿಸಿದವರದ್ದು."

"ಪಟ್ಟಿಯಲ್ಲಿ ಎರಡೇ ಕಾಲಮ್ ಇದೆ."

"ಮೂರನೇದು ಹಾಕಿ."

"ನೋಡಿ, ಕಂಪನಿ ಇದನ್ನ ಹೀಗೆ ಮಾಡ್ಲಿಲ್ಲ. ಆಮೇಲೆ ಯಾರೋ ಕೈಯಾಡಿಸಿದ್ದಾರೆ. ಗಾರ್ಡೀನಾದಲ್ಲಿ ಒಂದು ಮಶೀನ್ ಶಾಪ್ ಇದೆ, ಕಂಪನಿಯ ನಕ್ಷೆ ಕೊಟ್ರೆ ಹೊಸ ಸ್ಟೀಲಿನಲ್ಲಿ ಅಸಲಿ ಥರಾನೇ ಮಾಡಿ ಕೊಡ್ತಾರೆ."

ಕಂಪನಿಯ ಸ್ವಂತ ಕಬ್ಬಿಣ ಅರ್ಧವಿರುವ, ಎಂಜಿನ್ನಿನ ಜೊತೆಗೇ ದುಡಿದ ರಾಡು ಅಸಲಿಯಲ್ಲ. ಲಾಸ್ ಏಂಜಲೀಸಿನ ಗಾರ್ಡೀನಾದಲ್ಲಿ ಕಂಪ್ಯೂಟರ್ ಕೊರೆದ, ಕಂಪನಿಯವರು ಕಂಡೂ ಇರದ ಸ್ಟೀಲಿನ ರಾಡು ಅಸಲಿ! "ಹಳೆಯದನ್ನ ಏನ್ ಮಾಡ್ತೀರಿ?" ಎಂದೆ.

"ಫೋಟೋ ತೆಗೆದು, ಗುಜರಿಗೆ. ಜಾಗ ಇಲ್ಲ."

ಅವನಿಗೆ ಯಾವುದಕ್ಕೂ ಜಾಗವಿರಲಿಲ್ಲ.

ನಮ್ಮ ಲ್ಯಾಬಿನಲ್ಲಿ ಒಂದು ನಿಯಮವಿತ್ತು. ವರದಿಗೆ ಪರೀಕ್ಷಿಸಿದವನ ಸಹಿ ಬೀಳುವವರೆಗೆ ವಸ್ತುವನ್ನು ಹಿಂದಿರುಗಿಸುವಂತಿಲ್ಲ. ನಾನು "ರಾಡುಗಳನ್ನು ವಿಂಗಡಿಸಲು ಸಾಧ್ಯವಿಲ್ಲ" ಎಂದು ಬರೆದೆ. ಮ್ಯೂಸಿಯಂನಿಂದ ಟೈಪಾಗಿ ಬಂದ ಕೊನೆಯ ಪ್ರತಿಯಲ್ಲಿ ಅದು "ಅಸಲಿಯಲ್ಲ" ಎಂದಾಗಿತ್ತು. ಸಹಿ ಹಾಕಲಿಲ್ಲ. ರಾಡುಗಳು ನನ್ನ ಬೆಂಚಿನ ಕೆಳಗೇ ಉಳಿದವು.

ರೇ ಬಾಗಿಲಿಗೆ ಒರಗಿ ನಿಂತ. "ಎರಡು ಕಬ್ಬಿಣದ ತುಂಡಿಗೋಸ್ಕರ ಒಬ್ಬ ಗಿರಾಕೀನ ಕಳಕೋಬೇಕಾ?"

"ನಾನು ಬರೆಯದ ಮಾತಿಗೆ ನನ್ನ ಸಹಿ ಯಾಕೆ?"

"ಮಿತ್ರಾ, ನಿನ್ನ ಸಹಿಗೋಸ್ಕರ ನಿನ್ನನ್ನ ಇಟ್ಕೊಂಡಿರೋದು. ಅದು ಬೀಳದೇ ಹೋದ್ರೆ…" ಎಂದು ಅಲ್ಲಿಗೇ ನಿಲ್ಲಿಸಿದ. ನೂಡಲ್ ಹೋಟೆಲಿನ ಸೊಪ್ಪಿನ ಪರಿಮಳ ಬರುತ್ತಿತ್ತು. ಉದ್ಘಾಟನೆಯವರೆಗೆ ಸಮಯ ಕೊಟ್ಟ.

ಆ ವಾರಾಂತ್ಯ ಮನೆಯಲ್ಲಿ ಕೂಗಾಡಿದೆನಂತೆ. ಮಗಳು ಹೋಂವರ್ಕಿನಿಂದ ತಲೆಯೆತ್ತಿ, "ಅಪ್ಪಾ, ಇಟ್ಸ್ ಜಸ್ಟ್ ಅ ರಾಡ್" ಎಂದಳು. ಲಲಿತಾ ಮಾತ್ರ ಒಂದೇ ಪ್ರಶ್ನೆ ಕೇಳಿದಳು: "ಸಹಿ ಹಾಕಿದ್ರೆ ಮಲಗಿದಾಗ ನಿದ್ದೆ ಬರುತ್ತಾ ನಿಮಗೆ?"

"ಇಲ್ಲ."

"ಹಾಕದೇ ಇದ್ರೂ ಬರ್ತಾ ಇಲ್ಲ. ಹಾಗಾದ್ರೆ ಹಾಕ್ಬೇಡಿ."

ಅನ್ಯಾಯ ಒಂದೇ ಕಡೆ ಇತ್ತೆಂದು ತಿಳಿಯಬೇಡಿ. ಸುದ್ದಿ ಹೇಗೋ ಕನ್ನಡ ಕೂಟಕ್ಕೆ ಮುಟ್ಟಿತು. ಉಡುಪಿ ಕಡೆಯ ವಾಸಣ್ಣ, ಕೂಟದ ಹಿರಿಯರು, ಸ್ಯಾನ್ ಡಿಯೇಗೋದಲ್ಲಿ ಎರಡು ಮೋಟೆಲುಗಳ ಯಜಮಾನರು, ಯುಗಾದಿ ಊಟದಲ್ಲಿ ನನ್ನ ಪಕ್ಕ ಬಂದು ಕೂತರು.

"ಅಲ್ಲ ಮಾರಾಯ್ರೆ, ಎಂಜಿನಿನ ಮೇಲೆ ಕನ್ನಡ ಅಂಕಿ ಉಂಟಂತಲ್ಲ? ಎಂತ ವಿಷಯ ಇದು! ರಾಜ್ಯೋತ್ಸವಕ್ಕೆ ನೀವೊಂದು ಭಾಷಣ ಮಾಡ್ಬೇಕು. ನಮ್ಮವರೇ ಆ ಎಂಜಿನ್ ಕಟ್ಟಿದ್ದು, ಬ್ರಿಟಿಷರು ಹೆಸರು ಹಾಕ್ಕೊಂಡ್ರು ಅಂತ."

"ಕಟ್ಟಿದ್ದು ಅವರೇ ವಾಸಣ್ಣ. ನಮ್ಮವರು ಮುರಿದದ್ದನ್ನ ಕೂಡಿಸಿದ್ರು."

"ಅಷ್ಟೆಯಾ?" ಅವರ ಮುಖ ಸಣ್ಣಗಾಯಿತು. "ರಿಪೇರಿಗೆ ಯಾರು ಮಾರಾಯ್ರೆ ಚಪ್ಪಾಳೆ ಹೊಡಿಯೋದು? ಸ್ವಲ್ಪ ಸೇರಿಸಿ ಹೇಳಿ."

"ಸೇರಿಸಿ ಹೇಳೋದಕ್ಕೆ ನನಗಿಂತ ಚೆನ್ನಾಗಿ ಬರೋರು ಮ್ಯೂಸಿಯಂನಲ್ಲೇ ಇದ್ದಾರೆ" ಎಂದೆ. ಸಿಟ್ಟಿನಲ್ಲಿ ಹೋಳಿಗೆ ಬಿಟ್ಟು ಎದ್ದೆ. ಲಲಿತಾ ಹೇಳುವಂತೆ ಬಿಡಲಿಲ್ಲ, ಎರಡು ತಿಂದೇ ಎದ್ದೆ.

ಆ ರಾಡು ಕೂಡಿಸಿದ ಕಮ್ಮಾರರು ಮಹಾ ಪ್ರತಿಭಾವಂತರೆಂದೂ ನಾನು ಹೇಳುವುದಿಲ್ಲ. ಅವರು ಯಾರೆಂದೇ ನನಗೆ ಗೊತ್ತಿಲ್ಲ. ದಿಮ್ಮಿ ಎಳೆಯಬೇಕಿತ್ತು, ರಾಡು ಮುರಿದಿತ್ತು, ಇಂಗ್ಲೆಂಡು ದೂರವಿತ್ತು. ಎಂಜಿನ್ ಎದುರಿಗೇ ಇದ್ದುದರಿಂದ ಅದಕ್ಕೆ ಹಿಡಿಸುವಂತೆ ಮಾಡಿದರು. ಅಂಥ ಕೆಲಸಕ್ಕೆ ಒಂದು ಕಾಲಮ್ ಇಲ್ಲದ ಪಟ್ಟಿ ಎಂಥ ಪಟ್ಟಿ?

ಗಾರ್ಡೀನಾದಿಂದ ಹೊಸ ರಾಡುಗಳು ಬಂದವು. ಕನ್ನಡಿಯಂಥ ಮೈ. ಉದ್ಘಾಟನೆಗೆ ಮುಂಚಿನ ವಾರ, ಬಾಯ್ಲರಿಗೆ ಬೆಂಕಿ ಹಾಕದೆ ಕಂಪ್ರೆಸರಿನ ಗಾಳಿ ತುಂಬಿ ಎಂಜಿನ್ ತಿರುಗಿಸಿ ನೋಡುವುದೆಂದಾಯಿತು. ನನ್ನನ್ನು ಕರೆದಿರಲಿಲ್ಲ; ರೇ ಹೊರಟಿದ್ದ, ಅವನ ಕಾರಿನಲ್ಲಿ ನಾನೂ ಕೂತೆ. ಗಾಳಿ ಬಿಟ್ಟರು. ಚಕ್ರ ಕಾಲು ಸುತ್ತು ತಿರುಗಿತು, ಕಿರ್ರೆಂದು ಕಿರುಚಿ ನಿಂತಿತು. ಇನ್ನಷ್ಟು ಗಾಳಿ ಬಿಟ್ಟಾಗ ಎಂಜಿನ್ ಇಡೀ ಮೈ ನಡುಗಿಸಿ ಮತ್ತೆ ಅಲ್ಲೇ ಹಿಡಿದುಕೊಂಡಿತು.

ಕಾರ್ವರ್ ಫೋನಿನಲ್ಲಿ ಮಶೀನ್ ಶಾಪನ್ನು ಬೈದ. ಅವರು ತಾವು ನಕ್ಷೆಗೆ ಕೂದಲೆಳೆಯಷ್ಟೂ ತಪ್ಪಿಲ್ಲವೆಂದರು, ಅದು ನಿಜವೂ ಆಗಿತ್ತು. ತಪ್ಪು ಇದ್ದದ್ದು ಎಂಜಿನ್ನಿನಲ್ಲಿ, ಅಂದರೆ ಆ ಕಂಪನಿಯ ಚರಿತ್ರೆಯಲ್ಲಿ. ನಾನು ಅಳೆದು ತೋರಿಸಿದೆ. ಮುಂದಿನ ಹಿಂದಿನ ಚಕ್ರಗಳ ಅಚ್ಚುಗಳ ನಡುವಿನ ಅಂತರ ನಕ್ಷೆಯಲ್ಲಿದ್ದಷ್ಟು ಇರಲಿಲ್ಲ. ಎಡಗಡೆ ಇದ್ದಷ್ಟು ಬಲಗಡೆಯೂ ಇರಲಿಲ್ಲ. ಕೈಯಿಂದ ಕಟ್ಟಿದ ಎಂಜಿನ್, ಹುಟ್ಟಿನಿಂದಲೇ ಸೊಟ್ಟ, ದುಡಿದು ಇನ್ನಷ್ಟು ಸೊಟ್ಟವಾಗಿತ್ತು.

"ಹಳೇ ರಾಡು ನಿಮ್ಮ ಹತ್ರಾನೇ ಇದೆ ಅಲ್ವಾ?" ಎಂದ ಕಾರ್ವರ್, ನನ್ನ ಕಡೆ ನೋಡದೆ.

ಹಿಂದಿರುಗಿಸುವುದಲ್ಲ, ಓಡಿಸಿ ನೋಡಲು ಎರವಲು ಅಷ್ಟೆ ಎಂದು ರೇ ಮಾರನೆಯ ದಿನ ಅವನ್ನು ಕಳಿಸಿಕೊಟ್ಟ. ನಾನು ಮಧ್ಯಾಹ್ನ ಅಲ್ಲಿಗೆ ಹೋಗುವಷ್ಟರಲ್ಲಿ ಒಬ್ಬ ಉತ್ಸಾಹಿ ಸ್ವಯಂಸೇವಕ ಹೊಸ ರಾಡಿನ ಹಾಗೆ ಹೊಳೆಯಲಿ ಎಂದು ಎರಡನ್ನೂ ಗ್ರೈಂಡರಿನಿಂದ ಸವರಿಬಿಟ್ಟಿದ್ದ. ಗುರುತುಗಳು ಹೋಗಿದ್ದವು.

"ಗೀರುಗಳನ್ನ ತೆಗೆದೆವು" ಎಂದ ಕಾರ್ವರ್.

ಆಗ ಏನು ಹೇಳಿದೆನೋ ಗೊತ್ತಿಲ್ಲ. ದೊಡ್ಡ ದನಿಯಲ್ಲೇ ಹೇಳಿದೆ ಎಂಬುದಕ್ಕೆ ಈ ಬಾರಿ ರೇ ಸಾಕ್ಷಿ. "ಈಗ ಹೇಳಿ, ಯಾವುದು ಎಡಗಡೆಯದು?" ಎಂದು ಕೇಳಿದ್ದಂತೂ ನೆನಪಿದೆ. ಯಾರಿಗೂ ಗೊತ್ತಿರಲಿಲ್ಲ. ನೋಡಲು ಎರಡೂ ಒಂದೇ, ಸವೆದು ಸೊಟ್ಟಗಾದ ತೂತುಗಳ ನಡುವೆ ಅಳೆದರೆ ನಂಬುವಂಥ ಲೆಕ್ಕವೂ ಸಿಗುತ್ತಿರಲಿಲ್ಲ. ನಾನು ಮಾತಾಡುತ್ತಿರುವಾಗಲೇ ಅಂದಾಜಿನ ಮೇಲೆ ಒಂದನ್ನು ಬಲವಂತದಿಂದ ಕೂರಿಸಲು ಹೋಗಿ, ತುದಿಯ ತೂತಿನೊಳಗಿನ ಹಿತ್ತಾಳೆ ಬಳೆಗೆ, ಬುಶ್ಶಿಗೆ, ಗಾಯ ಮಾಡಿದರು. ಇನ್ನೊಂದು ಸಲ ಪ್ರಯೋಗ ಮಾಡಲು ಯಾರಿಗೂ ಧೈರ್ಯವಾಗಲಿಲ್ಲ.

ಅಚ್ಚೊತ್ತಿದ ಅಂಕಿಯನ್ನು ಮೇಲಿನಿಂದ ಉಜ್ಜಿದರೆ ಅದು ಪೂರ್ತಿ ಹೋಗುವುದಿಲ್ಲ. ಸುತ್ತಿಗೆಯ ಪೆಟ್ಟು ಕಬ್ಬಿಣದೊಳಕ್ಕೆ ಇಳಿದಿರುತ್ತದೆ. ಅಂಕಿಯ ಕೆಳಗಿನ ಲೋಹ ಇಕ್ಕಟ್ಟಾಗಿ ಕೂತಿರುತ್ತದೆ. ತಾಮ್ರದ ಲವಣ ಬೆರೆಸಿದ ಆಸಿಡ್ ಹಾಕಿ ಒರೆಸುತ್ತಿದ್ದರೆ ಅಷ್ಟು ಭಾಗ ಬೇರೆ ಬಣ್ಣ ತಾಳುತ್ತದೆ. ಕದ್ದ ಬಂದೂಕಿನ ನಂಬರನ್ನು ಪೊಲೀಸರು ಓದುವುದು ಹೀಗೆಯೇ. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ. ಗ್ರೈಂಡರು ಎಷ್ಟು ಆಳಕ್ಕೆ ಹೋಗಿದೆಯೋ ಅದರ ಮೇಲೆ.

ಲ್ಯಾಬಿಗೆ ತಂದು ಹತ್ತಿಯಲ್ಲಿ ಅದ್ದಿ ಸವರತೊಡಗಿದೆ. ಕಾರ್ವರ್ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಮೊದಲ ರಾಡಿನಲ್ಲಿ ಬಹಳ ಹೊತ್ತು ಏನೂ ಬರಲಿಲ್ಲ. ಒರೆಸಿದೆ, ಸವರಿದೆ, ಒರೆಸಿದೆ. ಆಮೇಲೆ ತುದಿಯಲ್ಲಿ ಒಂದು ಮಸುಕು ಬಳೆ, ಒಂದು ಕಡೆ ತೆರೆದದ್ದು. ೧.

"ಬಂತು" ಎಂದ ಕಾರ್ವರ್, ಪಿಸುದನಿಯಲ್ಲಿ. "ಇದೇನಾ?"

"ಇದೇ ನಿಮ್ಮ ಗೀರು. ಎಡಗಡೆ, ಮುಂದಿನ ಚಕ್ರ."

ಬೇಕಾದದ್ದು ಸಿಕ್ಕಮೇಲೂ ನಾನು ನಿಲ್ಲಿಸಲಿಲ್ಲ. ನಾಲ್ಕೂ ಅಂಕಿಗಳನ್ನು, ಆಸಿಡ್ ಕಬ್ಬಿಣವನ್ನು ಕಚ್ಚಿ ಕಪ್ಪಗೆ ನೆಲೆಯಾಗುವವರೆಗೆ ಸವರಿದೆ. ಬೆಳ್ಳಗೆ ಹೊಳೆಯುವ ರಾಡಿನ ಮೇಲೆ ಅವು ಮೊದಲಿಗಿಂತ ಎದ್ದು ಕಾಣುತ್ತಿದ್ದವು. ಆ ಗ್ರೈಂಡರಿಗೆ ಅಷ್ಟರಮಟ್ಟಿಗೆ ನಾನು ಋಣಿ.

ರಾಡುಗಳು ಅವುಗಳ ಜಾಗಕ್ಕೆ ಹೋದವು. ಗಾಳಿ ಬಿಟ್ಟರು. ಎಂಜಿನ್ ಮುದುಕನ ಹಾಗೆ ಒಮ್ಮೆ ಕೆಮ್ಮಿ, ಚಕ್ರ ಪೂರ್ತಿ ಸುತ್ತು ತಿರುಗಿಸಿತು, ಮತ್ತೊಂದು ಸುತ್ತು.

ಕಾರ್ವರ್ ಕಣ್ಣೊರೆಸಿಕೊಂಡ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ಅಂಕಿಗಳು ಒಳಮುಖಕ್ಕೆ ಬರೋ ಹಾಗೆ ತಿರುಗಿಸಿ ಹಾಕಬಹುದಾ? ಜನ ಕೇಳಿದ್ರೆ ಪುಸ್ತಿಕೆಯಲ್ಲಿ ಅದಕ್ಕೆ ಉತ್ತರ ಇಲ್ಲ" ಎಂದ.

"ಹಾಕಬಹುದು. ರಾಡಿನ ಮೇಲಿರೋ ಎಣ್ಣೆ ಬಟ್ಟಲು ಮೇಲೇ ಇರಬೇಕು, ಮುಂದಿನ ತುದಿ ಮುಂದಕ್ಕೇ ಇರಬೇಕು. ಹಾಗಾಗಿ ಎಡದ್ದನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಬೇಕು."

"ಹಾಕಿದ್ರೆ?"

"ತಿರುಗೋದಿಲ್ಲ."

ಅಂಕಿ ಹೊರಗೆ ಕಾಣುವ ಒಂದೇ ಒಂದು ರೀತಿಯಲ್ಲಿ ಮಾತ್ರ ಎಂಜಿನ್ ಓಡುತ್ತಿತ್ತು. ಅದನ್ನು ನಾನು ಏರ್ಪಡಿಸಿದ್ದಲ್ಲ. ಜೋಡಿ ಗುರುತನ್ನು ಕಣ್ಣಿಗೆ ಕಾಣುವ ಕಡೆ ಹಾಕುವುದು ಫಿಟ್ಟರುಗಳ ಪದ್ಧತಿ, ಅಷ್ಟೆ.

ವರದಿ ಮತ್ತೆ ನನ್ನ ಮೇಜಿಗೆ ಬಂತು. ಈ ಸಲ ನಾನು ಬರೆದ ಮಾತೇ ಅದರಲ್ಲಿತ್ತು: ವಿಂಗಡಿಸಲು ಸಾಧ್ಯವಿಲ್ಲ. ಸಹಿ ಹಾಕಿದೆ. ರೇ ಅದನ್ನು ಕವರಿಗೆ ಹಾಕುತ್ತ, "ಗೊತ್ತಿಲ್ಲ ಅಂತ ಬರೆಯೋಕೆ ಇಷ್ಟು ಗಲಾಟೆ" ಎಂದ. ನನ್ನನ್ನು ತೆಗೆಯಲಿಲ್ಲ; ನಿವೃತ್ತನಾಗುವವರೆಗೂ ಅಲ್ಲೇ ಇದ್ದೆ.

ಉದ್ಘಾಟನೆಗೆ ಲಲಿತಾ, ಮಗಳು ಟಾರೆನ್ಸಿನಿಂದ ಬಂದಿದ್ದರು. ವಾಸಣ್ಣನೂ ಶಾಲು ಹೊದ್ದು ಬಂದಿದ್ದರು, ಯಾರೂ ಕರೆಯದೆ. ಎಲ್ಲರ ಕೈಗೂ ಪುಸ್ತಿಕೆ ಕೊಟ್ಟರು. ಅದು ಮೊದಲೇ ಅಚ್ಚಾಗಿತ್ತು. "ಪ್ರತಿಯೊಂದು ಭಾಗವೂ ಕಾರ್ಖಾನೆಯಿಂದ ಹೊರಬಿದ್ದ ದಿನದಂತೆಯೇ" ಎಂದು ಅದರ ಕೊನೆಯ ಪುಟ ಹೇಳುತ್ತಿತ್ತು. ಆ ಪುಟ ಇಂದಿಗೂ ಹಾಗೆಯೇ ಇದೆ, ಮರುಮುದ್ರಣವಾದಾಗಲೂ ತಿದ್ದಲಿಲ್ಲ. ನಾನು ಎರಡು ಸಲ ಬರೆದೆ, ಉತ್ತರವಿಲ್ಲ. ನನ್ನ ಸಿಟ್ಟು ಇಳಿಯದಿರುವುದು ಇದಕ್ಕೇ.

ಎಂಜಿನ್ ಹೊರಟಿತು. ರಾಡು ಮೇಲೇರಿತು, ಕೆಳಗಿಳಿಯಿತು. ಮಗಳು ನನ್ನ ತೋಳು ಹಿಡಿದು ಬಗ್ಗಿ ನೋಡಿದಳು. "ಅಪ್ಪಾ, ದಟ್ಸ್ ಅವರ್ ಒನ್!" ಎಂದು ಕೂಗಿದಳು. ಅಜ್ಜಿ ಬರೆದುಕೊಟ್ಟ ಮಗ್ಗಿ ಪುಸ್ತಕದಲ್ಲಿ ಅವಳು ಆ ಅಂಕಿಗಳನ್ನು ಕಲಿತಿದ್ದಳು. ವಾಸಣ್ಣ ಅಕ್ಕಪಕ್ಕದವರಿಗೆಲ್ಲ ಏನನ್ನೋ ಸೇರಿಸಿ ಹೇಳುತ್ತಿದ್ದರು. ರಿಪೇರಿಗೆ ಚಪ್ಪಾಳೆ ಮೊದಲು ಹೊಡೆದವರು ಅವರೇ.

ಓಡುವ ರಾಡಿನ ಮೇಲಿನ ಅಂಕಿಯನ್ನು ಅಷ್ಟು ದೂರದಿಂದ ಕಣ್ಣಿಗೆ ಹಿಡಿಯಲು ಸಾಧ್ಯವೇ ಎಂದು ಈಗ ಯೋಚಿಸುತ್ತೇನೆ. ಮಗಳಿಗೆ ಕಂಡದ್ದು ಎಂಜಿನ್ ನಿಂತ ಮೇಲೆ ಎನ್ನುತ್ತಾಳೆ ಲಲಿತಾ. ಮಗಳಿಗೆ ನೆನಪೇ ಇಲ್ಲ. ಹಾಗಾಗಿ ನನ್ನ ಮಾತು ಬೇಡ, ಪುಸ್ತಿಕೆಯ ಮಾತೂ ಬೇಡ. ಎಂಜಿನ್ ಇನ್ನೂ ಅಲ್ಲಿದೆ. ಎಡಗಡೆ ಮುಂದಿನ ಚಕ್ರದ ಹತ್ತಿರ ಬಗ್ಗಿ, ಬೆಳಕನ್ನು ಓರೆಯಾಗಿ ಹಿಡಿದು ನೋಡಿ. ಮೇಲೆ ಎಣ್ಣೆ, ಧೂಳು ಕೂತಿರಬಹುದು. ಒರೆಸಬೇಡಿ.